ಮೆಟ್ಲು ಇಳಿಯೋದು ಕಲ್ತ ರಾಜಕುಮಾರಿ

ಮೊನ್ನೆ ನಮ್ಮ ಬಿಲ್ಡಿಂಗ್ ಲಿಫ್ಟಿಗೆ ಒಬ್ರು ವಯಸ್ಸಾದ ಹೆಂಗಸು ಹತ್ತಿದ್ರು. ಲಂಡನ್ನಿನ ಈ ಕೊಲಿಂಡೇಲಲ್ಲಿ ಮುದುಕ್ರು ಕಾಣ್ಸೋದೇ ಕಮ್ಮಿ. ಎಲ್ಲ ನಮ್ಮಂಥೋರೇ, ಗಂಡ ಹೆಂಡ್ತಿ ಇಬ್ರೂ ದುಡ್ದು ಬಾಡಿಗೆ ಕಟ್ಟಿ, ಮಿಕ್ಕಿದ್ರಲ್ಲಿ ಉಸಿರಾಡೋ ಜನ. ಆಯಮ್ಮ ಯಾರನ್ನೋ ನೋಡಕ್ಕೆ ಬಂದಿರ್ಬೇಕು. ಮಂಡಿ ದಾಟಿದ ಉಣ್ಣೆ ಕೋಟು. ಬಾಗ್ಲು ಮುಚ್ಕೊಂಡಿದ್ದೇ ತಡ, ಆ ಕೋಟಿಂದ ನುಸಿಗುಳಿಗೆ ವಾಸನೆ ಗಪ್ಪಂತ ಮೂಗಿಗೆ ಹೊಡೀತು. ನಾನು ಇಳೀಬೇಕಾದ ಫ್ಲೋರ್ ಬಂತು, ಬಾಗ್ಲು ತೆಗೀತು, ಮುಚ್ಕೊಂತು, ನಾನು ನಿಂತೇ ಇದ್ದೆ. "ಆರ್ ಯೂ ಆಲ್‌ರೈಟ್?" ಅಂದ್ರು ಆಯಮ್ಮ. ಒಬ್ರು ರಾಜಕುಮಾರಿ ನೆನಪಾದ್ರು ಅನ್ನಕ್ಕಾಗುತ್ತಾ?

ನಿಜವಾದ ರಾಜಕುಮಾರಿ. ಯೂರೋಪಲ್ಲಿ ಬೆಟ್ಟದ ಕಡೆ ಒಂದು ಸಣ್ಣ ದೇಶ, ಅದರ ರಾಜನ ಮಗಳು. ದೇಶದ ಹೆಸರು ಹೇಳಲ್ಲ, ಅವ್ರ ಕಡೆಯೋರು ಬೇಜಾರು ಮಾಡ್ಕೋಬಾರ್ದು. ನಾನು ಆಕೆ ಕಾಲು ತೊಳ್ದಿದೀನಿ, ಉಗುರು ಕತ್ತರಿಸಿದೀನಿ, ಬೆಳಿಗ್ಗೆ ಬೆಳಿಗ್ಗೆ ಟೋಸ್ಟ್ ಸುಟ್ಟು ಬೈಸ್ಕೊಂಡಿದೀನಿ. ಅವ್ರ ವಿಷ್ಯ ಈಗ್ಲೂ ನೆನೆಸ್ಕೊಂಡ್ರೆ ಮೊದ್ಲು ಬರೋದು ದುಃಖ ಅಲ್ಲ, ಗಾಬರಿ. ಒಂದು ಮಗುನ ಹೀಗೂ ಬೆಳೆಸ್ತಾರಾ ಅನ್ನೋ ಗಾಬರಿ.

ಮೊದ್ಲು ನಾನು ಅಲ್ಲಿಗೆ ಹೇಗೆ ಹೋದೆ ಅಂತ ಹೇಳ್ಬಿಡ್ತೀನಿ. ನಾನು ಮೈಸೂರಲ್ಲಿ ಆಟೋ ಓಡಿಸ್ತಿದ್ದೋನು. ಓದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಹೋಯ್ತು. ನನ್ನ ಹೆಂಡ್ತಿ ಸವಿತ ನರ್ಸು. ಅವ್ಳಿಗೆ ಲಂಡನ್ ಆಸ್ಪತ್ರೇಲಿ ಕೆಲಸ ಸಿಕ್ತು, ನಾನು ಅವ್ಳ ಸೂಟ್‌ಕೇಸ್ ಜೊತೆ ಇನ್ನೊಂದು ಸೂಟ್‌ಕೇಸ್ ಥರ ಬಂದೆ. ಇಲ್ಲಿ ಆಟೋ ಇಲ್ಲ. ಒಂದು ಏಜೆನ್ಸಿಯೋರು ಕೇರರ್ ಕೆಲಸ ಕೊಟ್ರು. ವಯಸ್ಸಾದೋರ ಮನೆಗೆ ಹೋಗೋದು, ಸ್ನಾನ ಮಾಡ್ಸೋದು, ತಿಂಡಿ ಕೊಡೋದು, ಮಾತ್ರೆ ನುಂಗ್ಸೋದು. ಎಜ್‌ವೇರಲ್ಲಿ ಒಂದೆರಡು ಮನೆ ಆದ್ಮೇಲೆ ಒಬ್ರು ಮುದುಕೀನ ನೋಡ್ಕೊಳ್ಳಕ್ಕೆ ಅಂತ ಲಂಡನ್ನಿನದೇ ಇನ್ನೊಂದು ಏರಿಯಾ ಪಿನ್ನರ್‌ಗೆ ಹಾಕಿದ್ರು. "ಹುಷಾರು, ಆಯಮ್ಮಂಗೆ ಸ್ವಲ್ಪ ಗತ್ತು ಜಾಸ್ತಿ, ಮೂರು ಜನ ಬಿಟ್ಟು ಹೋಗಿದಾರೆ" ಅಂದ್ರು ಸೂಪರ್‌ವೈಸರ್ರು.

ಹೋದ್ರೆ ಎಲ್ಲಾ ಮನೆಗಳ ಥರದ್ದೇ ಒಂದು ಮನೆ, ಪಕ್ಕದ ಮನೆಗೆ ಅಂಟ್ಕೊಂಡಿರೋದು. ಒಳಗೆ ಗೋಡೆ ಮೇಲೆ ಒಂದು ಫೋಟೋ ಇಲ್ಲ. ದೊಡ್ಡ ದೊಡ್ಡ ಪಟಗಳು ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟಿದಾರೆ. ಪಾತ್ರೆ ಅರ್ಧಕ್ಕರ್ಧ ಪೆಟ್ಟಿಗೆಲಿ. ಕುರ್ಚಿ ಮೇಲೆ ನೆಟ್ಟಗೆ ಕೂತಿದ್ದ ಮುದುಕಿ ನನ್ನ ಮೇಲಿಂದ ಕೆಳಕ್ಕೆ ನೋಡಿದ್ರು.

"ಮನೆ ಖಾಲಿ ಮಾಡ್ತಿದೀರಾ?" ಅಂದೆ.

"ಹೌದು."

"ಯಾವಾಗ?"

"ಮುಂದಿನ ವರ್ಷ."

ಸರಿ, ಮಗನ ಮನೆಗೆ ಹೋಗ್ತಾರೇನೋ ಅಂದ್ಕೊಂಡು ಸುಮ್ನಾದೆ. ಎದುರು ಮನೇಲಿ ಉಡುಪಿ ಕಡೆಯ ಸಿಸಿಲಿಯಾ ಆಂಟಿ ಇದ್ರು. ಮನೇಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಕನ್ನಡ ಮಾತಾಡೋನು ಸಿಕ್ಕಿದ ಅಂತ ನನ್ನ ಗೇಟಲ್ಲೇ ಹಿಡ್ಕೊಂಡ್ರು. ಈ ಅಜ್ಜಿ ಮುಂದಿನ ವರ್ಷ ಎಲ್ಲಿಗೆ ಹೋಗ್ತಾರೆ ಆಂಟಿ ಅಂದೆ.

"ಎಂತದು ಮಾರಾಯ, ನಿಂಗೆ ಯಾರೂ ಹೇಳ್ಲಿಲ್ವಾ? ಅವ್ರು ಪ್ರಿನ್ಸೆಸ್. ಅಪ್ಪ ರಾಜ, ಓಡ್ಸಿದ್ರು ಅಲ್ಲಿಂದ. ಇವ್ರು ಹುಟ್ಟಿದ್ದು ಇಲ್ಲೇ. ನಾನು ಮದ್ವೆ ಆಗಿ ಈ ರೋಡಿಗೆ ಬಂದವಳು, ಈಗ ಮೊಮ್ಮಕ್ಕಳಿದಾರೆ. ಅವತ್ತಿಂದ ಅವ್ರು ಮುಂದಿನ ವರ್ಷ ಹೋಗ್ತಾರೆ."

ನೀವು ಮೈಸೂರು ಕಡೆಯೋರಾದ್ರೆ ನನ್ನ ಕಷ್ಟ ಗೊತ್ತಾಗುತ್ತೆ. ನಮ್ಮೂರು ಮಂಡ್ಯದ ಹತ್ರ. ನಮ್ಮಜ್ಜಿ ದೇವರ ಗೂಡಲ್ಲಿ ಮಾದಪ್ಪನ ಪಕ್ಕ ಮಹಾರಾಜರ ಫೋಟೋ ಇಟ್ಟು ಊದ್ಗಡ್ಡಿ ಹಚ್ಚೋಳು. ನೀರು ಬಂದಿದ್ದು ಅವ್ರಿಂದ, ಗದ್ದೆ ಆಗಿದ್ದು ಅವ್ರಿಂದ ಅನ್ನೋಳು. ಅಂಥ ಮನೇಲಿ ಬೆಳೆದೋನು ನಾನು, ಒಂದು ರಾಜನ ಮಗಳ ಕಾಲು ಬೇಸಿನ್ನಲ್ಲಿಟ್ಟು ಸೋಪು ಹಚ್ಬೇಕು. ಮಾರನೆ ದಿನ ಟವಲ್ ಹಿಡ್ಕೊಂಡು ನಿಂತೋನಿಗೆ ಕೈಯೇ ಆಡ್ಲಿಲ್ಲ.

"ನೀವು ನಿಜವಾಗ್ಲೂ ರಾಜಕುಮಾರಿನಾ?"

"ಹೌದು. ನೀರು ತಣ್ಣಗಾಗ್ತಿದೆ."

ಅವತ್ತಿಂದ ಏನಂತ ಕರೀಬೇಕು ಗೊತ್ತಾಗ್ದೆ ಒಂದಿನ ಬಾಯಿ ತಪ್ಪಿ ಅಜ್ಜಿ ಅಂದ್ಬಿಟ್ಟೆ. ಹಾಗಂದ್ರೇನು ಅಂತ ಕೇಳಿದ್ರು. ಹೇಳ್ದೆ. "ನನ್ನ ಯಾರೂ ಹಾಗೆ ಕರೆದಿಲ್ಲ. ಹೊರಗಿನವರ ಮುಂದೆ ಬೇಡ" ಅಂದ್ರು. ಒಳಗೆ ಆಗ್ಬೋದು ಅಂತ ಅರ್ಥ ಮಾಡ್ಕೊಂಡೆ.

ನಾನು ಸುಮ್ನಿರೋ ಪೈಕಿ ಅಲ್ಲ. ಆಟೋ ಓಡಿಸ್ದೋನು, ಹಿಂದೆ ಕೂತೋರ ಹತ್ರ ಕತೆ ಹೊಡ್ದೇ ಅಭ್ಯಾಸ. ಅರ್ಧಂಬರ್ಧ ಇಂಗ್ಲಿಷಲ್ಲಿ ದಸರಾ ಕತೆ ಹೇಳ್ದೆ. ಆನೆ, ಅಂಬಾರಿ, ಹಿಂದೆ ಅದ್ರಲ್ಲಿ ಮಹಾರಾಜ್ರೇ ಕೂರ್ತಿದ್ದಿದ್ದು. ಬೇರೆ ಯಾರೇ ಆಗಿದ್ರೂ ಆನೆ ಎಷ್ಟು ದೊಡ್ದು ಅಂತ ಕೇಳ್ತಿದ್ರು. ಇವ್ರು ಕೇಳಿದ್ದು ಬೇರೆ.

"ಇಳೀವಾಗ?"

"ಏಣಿ ಹಾಕ್ತಾರೆ."

"ಏಣಿ ನೋಡ್ಕೊಂಡು ಇಳೀತಿದ್ರಾ, ಜನರನ್ನ ನೋಡ್ಕೊಂಡು ಇಳೀತಿದ್ರಾ?"

ನಂಗೇನು ಗೊತ್ತು. ಏಣಿ ನೋಡ್ದೆ ಇಳಿದ್ರೆ ಬೀಳ್ತಾರಲ್ವಾ ಅಂದೆ. "ನಾನು ಬಿದ್ದಿಲ್ಲ" ಅಂದ್ರು ಅಜ್ಜಿ. ಆಮೇಲೆ ಹೇಳಿದ್ರು.

ಅವ್ರ ಅಪ್ಪ ದೇಶ ಬಿಡುವಾಗ ಜೊತೇಲಿ ಬಂದಿದ್ದು ಹೆಂಡ್ತಿ, ಒಬ್ಳು ಅಡುಗೆಯೋಳು, ಒಬ್ಬ ಡ್ರೈವರ್. ಹೆಂಡ್ತಿ ಹೆರಿಗೆ ಆಗಿ ಸ್ವಲ್ಪ ದಿನಕ್ಕೇ ಹೋಗ್ಬಿಟ್ರು. ರಾಜಂಗೆ ಉಳಿದಿದ್ದು ಈ ಮಗು ಒಂದೇ. ಜನ ಇವತ್ತಲ್ಲ ನಾಳೆ ವಾಪಸ್ ಕರೀತಾರೆ ಅಂತ ಆಯಪ್ಪನ ನಂಬಿಕೆ. ಆಗ ವಿಮಾನ ಇಳಿಯುತ್ತೆ, ಮೆಟ್ಲು ಇಡ್ತಾರೆ, ಕೆಳಗೆ ಜನ ಇರ್ತಾರೆ. ರಾಜನ ಮಗಳು ಆ ಮೆಟ್ಲು ಇಳಿಯೋದ್ರಲ್ಲೇ ಜನಕ್ಕೆ ಗೊತ್ತಾಗ್ಬೇಕು, ಇವ್ಳು ನಮ್ಮವ್ಳು ಅಂತ. ಅದಕ್ಕೆ ಮಗುಗೆ ನಾಲ್ಕು ವರ್ಷ ಆದಾಗಿಂದ ಪ್ರತಿ ಭಾನುವಾರ ಚರ್ಚಿಂದ ಬಂದ್ಮೇಲೆ ಆ ಮನೆ ಮೆಟ್ಲ ಮೇಲೆ ಅಭ್ಯಾಸ. ಬೆನ್ನು ನೆಟ್ಟಗೆ. ಕಟಕಟೆ ಹಿಡಿಯಂಗಿಲ್ಲ. ಕಾಲು ನೋಡಂಗಿಲ್ಲ. ಕೆಳಗೆ ಹಾಲಲ್ಲಿ ಅಡುಗೆಯೋಳು, ಡ್ರೈವರ್ ನಿಂತ್ಕೋಬೇಕು, ಅವ್ರೇ ಜನ. ಕೊನೆ ಮೆಟ್ಲಲ್ಲಿ ನಿಂತು ಅವ್ರ ಭಾಷೇಲಿ ಒಂದು ಮಾತು ಹೇಳ್ಬೇಕು. "ನಾನು ಮನೆಗೆ ಬಂದೆ. ನಿಮ್ಮನ್ನ ಒಂದಿನಾನೂ ಮರೆತಿರ್ಲಿಲ್ಲ." ಕಾಲು ನೋಡಿದ್ರೆ ಮತ್ತೆ ಮೇಲಿಂದ.

"ಅಡುಗೆಯವಳು ಪ್ರತಿ ವಾರ ನಿಜವಾಗ್ಲೂ ಅಳ್ತಿದ್ಲು" ಅಂದ್ರು ಅಜ್ಜಿ.

ಡ್ರೈವರ್ ಬೇರೆ ಕೆಲಸ ಹುಡುಕ್ಕೊಂಡು ಹೋದ. ಅಡುಗೆಯೋಳು ಸತ್ಲು. ಆಮೇಲೆ ಅಪ್ಪ ಒಬ್ರೇ ಕೆಳಗೆ ನಿಂತ್ಕೊಳ್ಳೋರಂತೆ. ಅಪ್ಪನೂ ಸತ್ರು.

"ಆಮೇಲೆ ಬಿಟ್ರಾ?"

"ಯಾಕೆ ಬಿಡ್ಬೇಕು?"

ಸೊಂಟ ಮುರಿಯೋ ತನಕ, ಖಾಲಿ ಹಾಲಿಗೆ ಒಬ್ರೇ ಇಳ್ದು, ಬಾಗ್ಲಿಗೆ ಆ ಮಾತು ಹೇಳೋರಂತೆ. ಅವತ್ತು ಬಸ್ಸಲ್ಲಿ ಮನೆಗೆ ಬರೋವಾಗ ನನ್ನ ಸ್ಟಾಪ್ ದಾಟಿದ್ದೇ ಗೊತ್ತಾಗ್ಲಿಲ್ಲ.

ಅದೊಂದೇ ಅಲ್ಲ. ಸ್ಕೂಲಿಗೆ ಕಳಿಸ್ಲಿಲ್ಲ, ಮನೆಗೇ ಮೇಷ್ಟ್ರು. ಕೆಲಸಕ್ಕೆ ಹೋಗಂಗಿಲ್ಲ, ನಾಳೆ ಕರೆ ಬಂದ್ರೆ? ಗೋಡೆಗೆ ಮೊಳೆ ಹೊಡೆಯಂಗಿಲ್ಲ, ಮೊಳೆ ಹೊಡೆದ್ರೆ ಇಲ್ಲೇ ಇರ್ತೀವಿ ಅಂತ ಆಗೋಗುತ್ತೆ. ಪಕ್ಕದ ಹ್ಯಾರೋದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಒಬ್ಬ ಹುಡುಗ ಮದ್ವೆ ಆಗ್ತೀನಿ ಅಂತ ಬಂದಿದ್ನಂತೆ. ಅಪ್ಪ ಇಲ್ಲ ಅನ್ಲಿಲ್ಲ. ಅಷ್ಟು ಹೇಳಿದ್ರೆ ಮಗಳು ಜಗಳ ಆದ್ರೂ ಆಡೋರು. "ಒಂದು ವರ್ಷ ತಡಿ, ಅಲ್ಲಿಗೆ ಹೋದ್ಮೇಲೆ ನೋಡೋಣ" ಅಂದ್ರಂತೆ. ಪ್ರತಿ ವರ್ಷ ಅದೇ. ಪಾಪ ಆ ಹುಡುಗ ಕಾದು ಕಾದು ಬೇರೆ ಮದ್ವೆ ಆದ.

"ಆಮೇಲೆ ಅವ್ರನ್ನ ನೋಡ್ಲೇ ಇಲ್ವಾ?"

"ನೋಡ್ದೆ. ಕನ್ನಡಕಕ್ಕೆ ಅವನ ಹತ್ರಾನೇ ಹೋಗ್ತಿದ್ದೆ. ಅವನು ಅಂಗಡಿ ಮುಚ್ಚೋ ತನಕ. ಕಣ್ಣು ಪರೀಕ್ಷೆ ಮಾಡುವಾಗ ತುಂಬಾ ಹತ್ರ ಬರ್ತಾರೆ, ಗೊತ್ತಾ?"

ಇದನ್ನ ಬೆಣ್ಣೆ ಸವರ್ತಾ ಹೇಳಿದ್ರು.

ಹೀಗಿರೋವಾಗ ಒಂದು ಮಧ್ಯಾಹ್ನ ಅವ್ರ ದೇಶದ ಎಂಬೆಸಿಯಿಂದ ಒಬ್ಬ ಹುಡುಗ ಬಂದ. ಥಳಥಳ ಶೂ, ಕೈಯಲ್ಲಿ ಹೂವು. ಅಲ್ಲಿ ಈಗ ಬೇರೆ ಸರ್ಕಾರ, ಹಳೇ ರಾಜನ ಮೂಳೆಗಳನ್ನ ಗೌರವವಾಗಿ ವಾಪಸ್ ತಗೊಂಡೋಗ್ತಾರಂತೆ. ಅಪ್ಪನ ಸಮಾಧಿ ಇಲ್ಲೇ ಲಂಡನ್ನಲ್ಲಿತ್ತು. ಮಗಳು ಒಪ್ಬೇಕು. ಅದೇ ವಿಮಾನದಲ್ಲಿ ಮಗಳೂ ಬರ್ಬೇಕು, ಇಷ್ಟ ಇದ್ರೆ ಅಲ್ಲೇ ಇರ್ಬೋದು, ಅರಮನೇಲಿ ಎರಡು ಕೋಣೆ ಕೊಡ್ತಾರೆ. ನಂಗೆ ಮಣ್ಣು ಮಾಡಿದ್ನ ಅಗೆದು ತೆಗೀತಾರೆ ಅನ್ನೋದೇ ಸರಿ ಹೋಗ್ಲಿಲ್ಲ. ನಮ್ಮಲ್ಲಿ ಹಾಲು-ತುಪ್ಪ ಬಿಟ್ಟು ಬಂದ್ಮೇಲೆ ಯಾರಾದ್ರೂ ಹಾರೆ ಹಿಡೀತಾರಾ? ಅಜ್ಜಿ ಮಾತ್ರ ಕಣ್ಣು ಮಿಟುಕಿಸ್ದೆ ಕೇಳಿ, ಆಯ್ತು ಅಂದ್ರು. ಅವನು ಹೋಗಿ ಬಾಗ್ಲು ಹಾಕಿದ್ಮೇಲೆ ನನ್ನ ಕಡೆ ತಿರುಗಿ, "ನಂಗೆ ಮೆಟ್ಲು ಇಳ್ಸು" ಅಂದ್ರು.

ಆಗ ಅವ್ರಿಗೆ ಎಂಬತ್ತು ದಾಟಿತ್ತು. ಮೆಟ್ಲಿಗೆ ಹಳಿ ಹಾಕಿ ಓಡಾಡೋ ಕುರ್ಚಿ ಕೂರ್ಸಿದ್ರು, ಅದ್ರಲ್ಲೇ ಮೇಲೆ ಕೆಳಗೆ. ಕುರ್ಚಿ ಬಿಟ್ಟು ನಡೀಬೇಕು ಅಂದ್ರೆ ಬಿದ್ರೆ ಗತಿ? ಮನೇಲಿ ಸವಿತ ಬೈದ್ಲು. "ಬೀಳ್ಸಿ ತಂದು ನಮ್ಮ ವಾರ್ಡಿಗೇ ಹಾಕು, ರಾತ್ರಿಯೆಲ್ಲ ನಾನೇ ನೋಡ್ಕೋತೀನಿ." ಮಾರನೆ ದಿನ ಅವ್ಳೇ ಕೂತು ಯಾವ ಕಾಲು ಮೊದ್ಲು, ನಾನು ಎಲ್ಲಿ ನಿಂತ್ಕೋಬೇಕು, ಎಲ್ಲಿ ಹಿಡೀಬೇಕು ಅಂತ ಹೇಳ್ಕೊಟ್ಲು. ಅಜ್ಜೀನ ನೋಡೋ ಡಾಕ್ಟ್ರ ಹತ್ರ ಕೇಳಿದ್ವಿ. ಕೆಳಗಿನ ನಾಕೇ ನಾಕು ಮೆಟ್ಲು ಸಾಕು ಅಂದ್ರು. ಶುರು ಮಾಡಿದ್ವಿ. ಒಂದು ವಾರ ನಿಲ್ಲೋದು, ಆಮೇಲೆ ಒಂದು ಮೆಟ್ಲು. ಬೀರುಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ನೀಲಿ ಕೋಟು ತೆಗೆಸಿದ್ರು. ಆ ದಿನಕ್ಕೆ ಅಂತಾನೇ ಹೊಲ್ಸಿದ್ದು, ಮೈ ಬದಲಾದಂಗೆಲ್ಲ ಬಿಚ್ಚಿ ಬಿಚ್ಚಿ ಹೊಲ್ಸಿದ್ದು. ನಾಕನೇ ಮೆಟ್ಲು ಇಳಿಯೋ ಹೊತ್ತಿಗೆ ನಾನು ಹಿಂದಕ್ಕೆ ಸರಿದು ಹಾಲಲ್ಲಿ ನಿಂತು ಜನ ಆಗ್ಬೇಕಿತ್ತು. ಮೊದಲನೇ ಸಲ ಖುಷಿಗೆ ಕೈಯೆತ್ತಿ ಜೈ ಅಂದೆ.

"ನಮ್ಮ ಜನ ಕೂಗಲ್ಲ. ಟೋಪಿ ತೆಗೀತಾರೆ."

ಅವತ್ತಿಂದ ಒಳಗೂ ಟೋಪಿ ಹಾಕ್ಕೊಂಡಿರ್ತಿದ್ದೆ, ತೆಗೆಯಕ್ಕೆ.

ಸ್ಕೂಲಿಗೆ ರಜ ಇದ್ದ ಒಂದಿನ ಮಗಳು ಧನ್ಯನ್ನ ಕರ್ಕೊಂಡೋದೆ, ಸವಿತಂಗೆ ಡ್ಯೂಟಿ ಇತ್ತು. ಧನ್ಯಂಗೆ ಆಗ ಐದು. ಇಲ್ಲೇ ಹುಟ್ಟಿದ್ದು. ಕನ್ನಡ ಎಲ್ಲ ಅರ್ಥ ಆಗುತ್ತೆ, ಬಾಯಿ ಬಿಟ್ರೆ ಇಂಗ್ಲಿಷು. ಅವ್ಳ ಕೈಗೊಂದು ಹೂವು ಕೊಟ್ಟು ಜನದ ಪೈಕಿ ನಿಲ್ಸಿದ್ವಿ. ಅಜ್ಜಿ ಇಳ್ದು ಬಂದು, ಹೂವು ಇಸ್ಕೊಂಡು, "ನೀನು ಯಾವ ಊರಿನವಳು?" ಅಂತ ಕೇಳಿದ್ರು.

ಧನ್ಯ ನನ್ನ ಮುಖ ನೋಡಿದ್ಲು. ನಾನು ಹೇಳ್ಕೊಟ್ಟಿದ್ದೇ ಅದು, ಫೋನಲ್ಲಿ ನಮ್ಮವ್ವಂಗೂ ಪ್ರತಿ ವಾರ ಹೇಳೋದು. ನೆಟ್ಟಗೆ ನಿಂತು ಒಪ್ಪಿಸಿದ್ಲು. "ನಮ್ದು ಮಂಡ್ಯ. ವಿ ಆರ್ ಗೋಯಿಂಗ್ ಬ್ಯಾಕ್ ನೆಕ್ಸ್ಟ್ ಇಯರ್."

ಅಜ್ಜಿ ಕಟಕಟೆ ಹಿಡ್ಕೊಂಡ್ರು. ಅದುವರೆಗೂ ಹಿಡ್ದಿರ್ಲಿಲ್ಲ. ನನ್ನ ಕಡೆ ಒಂದು ಸಲ ನೋಡಿದ್ರು. ನಾನು ನೆಲ ನೋಡ್ದೆ.

ಹೋಗೋ ದಿನ ಬಂತು. ನೀಲಿ ಕೋಟು, ಕೈಗವಸು. ಟ್ಯಾಕ್ಸಿಗೆ ಹತ್ಸಿ, "ಕಾಲು ನೋಡ್ಬೇಡಿ ಅಜ್ಜಿ" ಅಂದೆ. "ನೀನು ನನಗೆ ಹೇಳ್ಕೊಡ್ತೀಯಾ" ಅಂದ್ರು. ಸಿಸಿಲಿಯಾ ಆಂಟಿ ಗೇಟಲ್ಲಿ ನಿಂತು ಶಿಲುಬೆ ಗುರುತು ಮಾಡಿದ್ರು. ಇನ್ನು ಈಯಮ್ಮನ್ನ ನೋಡಲ್ಲ ಅಂದ್ಕೊಂಡು ನಾನು ಬಸ್ ಹತ್ತಿದೆ. ಏಜೆನ್ಸಿಯೋರು ಬೇರೆ ಮನೆ ಕೊಟ್ರು.

ವಾರ ಕಳೆಯೋದ್ರಲ್ಲಿ ಏಜೆನ್ಸಿ ಫೋನು. ಪಿನ್ನರ್ ಲೇಡಿ ವಾಪಸ್ ಬಂದಿದಾರೆ, ನೀನೇ ಬೇಕಂತೆ. ಓಡ್ದೆ. ಅಜ್ಜಿ ಕೋಟೂ ಬಿಚ್ದೆ ಹಾಲಲ್ಲಿ ಕೂತಿದ್ರು. ಮೈಗೆ ಹುಷಾರಿಲ್ಲ ಅಂದ್ಕೊಂಡೆ. ಹಣೆ ಮುಟ್ಟಿದ್ರೆ ತಣ್ಣಗಿತ್ತು.

"ಮೆಟ್ಲು ಇಳಿದ್ರಾ?" ಅಂದೆ.

"ಇಲ್ಲ."

ವಿಮಾನ ನಿಂತಿದೆ. ಕೆಳಗೆ ಬ್ಯಾಂಡು, ಮಕ್ಕಳು, ಟೋಪಿ ಹಿಡ್ಕೊಂಡ ಜನ, ಎಲ್ಲ ಇದೆ, ಕಿಟಕೀಲಿ ಕಾಣ್ತಿದೆ. ಅವ್ರು ಎದ್ದು ನಿಂತಿದಾರೆ. ಅಷ್ಟರಲ್ಲಿ ಹಿಂದಿನ ಬಾಗ್ಲಿಂದ ಒಬ್ಬ ಹುಡುಗ ಗಾಲಿಕುರ್ಚಿ ತಂದಿದಾನೆ. ವಯಸ್ಸಾದೋರು ಅಂತ ಟಿಕೆಟ್ ಮಾಡಿದ್ದ ಎಂಬೆಸಿಯೋರು ಒಳ್ಳೇದಕ್ಕೇ ಹಾಗೆ ಬುಕ್ ಮಾಡಿದ್ರು. ಇವ್ರು ತಮ್ಮ ಭಾಷೇಲೇ ಬೇಡ ಅಂದ್ರೆ, ಆ ಹಳೇ ಕಾಲದ ಮಾತು ಅವನಿಗೆ ಅರ್ಥ ಆಗ್ಲಿಲ್ಲ. ಎಂಬೆಸಿಯ ಶೂ ಹುಡುಗ ರಾಜನ ಮೂಳೆ ಪೆಟ್ಟಿಗೆ ಇಳ್ಸಕ್ಕೆ ಮುಂದೆ ಹೋಗಿದ್ದ. ಲಾರಿ ಮೇಲೆ ಡಬ್ಬ ಕಟ್ಟಿ ಮೇಲಕ್ಕೂ ಕೆಳಕ್ಕೂ ಬರೋ ಲಿಫ್ಟ್ ಇರುತ್ತಲ್ಲ, ಅದ್ರೊಳಗೆ ತಳ್ಳಿ, ವಿಮಾನದ ಆ ಕಡೆಯಿಂದ ಇಳ್ಸಿ, ಏರ್ಪೋರ್ಟಿನ ಹಿಂದಿನ ಬಾಗ್ಲಿಂದ ಒಳಗೆ ಕರ್ಕೊಂಡೋದ.

"ಅಪ್ಪ ಪೆಟ್ಟಿಗೆಲಿ ಇಳಿದ್ರು, ಬ್ಯಾಂಡ್ ಬಾರಿಸಿದ್ರು. ನಾನು ಡಬ್ಬದಲ್ಲಿ ಇಳಿದೆ" ಅಂದ್ರು.

ನಾನು ನೆಲದ ಮೇಲೇ ಕೂತೆ.

"ಆ ಮಾತು? ಆ ಮಾತು ಯಾರಿಗೂ ಹೇಳ್ಲಿಲ್ವಾ?"

"ಗಾಲಿಕುರ್ಚಿ ತಳ್ಳೋ ಹುಡುಗನಿಗೆ ಹೇಳ್ದೆ. ಅವನು ಇಂಗ್ಲಿಷಲ್ಲಿ, ಸಾರಿ ಮೇಡಂ, ನೀವು ನನ್ನ ಮುತ್ತಜ್ಜಿ ಥರ ಮಾತಾಡ್ತೀರಿ ಅಂದ. ಒಳ್ಳೆ ಹುಡುಗ. ಬಬಲ್‌ಗಮ್ ಕೊಟ್ಟ."

ಆಮೇಲೆ ಎಲ್ಲ ಚೆನ್ನಾಗೇ ನಡೀತಂತೆ. ಕ್ಷಮೆ ಕೇಳಿದ್ರು, ಅಪ್ಪನ್ನ ದೊಡ್ಡ ಚರ್ಚಲ್ಲಿ ಇಟ್ರು. ಅರಮನೆ ತೋರ್ಸಿದ್ರು, ಇದು ನಿಮ್ಮ ತಾತನ ಹಾಸಿಗೆ, ದಯವಿಟ್ಟು ಹಗ್ಗದ ಈ ಕಡೆ ನಿಂತ್ಕೊಳಿ. ಕೊಟ್ಟಿದ್ದ ಕೋಣೇಲಿ ಬೆಳಿಗ್ಗೆ ಬರೀ ಚಹಾ ತಂದ್ರು, ಅಲ್ಲಿಯೋರು ಹಾಲು ಹಾಕ್ದೇನೇ ಕುಡಿಯೋದು, ಇವ್ರು ಹಾಲು ಕೇಳಿದ್ರು. ತಂದ್ಕೊಟ್ಟ ಹುಡುಗಿ ಇನ್ನೊಬ್ಳಿಗೆ ಏನೋ ಹೇಳಿ ನಕ್ಲು. ಅದು ಮಾತ್ರ ಅವ್ರಿಗೆ ಸರಿಯಾಗಿ ಅರ್ಥ ಆಯ್ತು. ಇಂಗ್ಲಿಷ್ ಮುದುಕೀಗೆ ಹಾಲು ಬೇಕಂತೆ ಅಂತ.

ಅಜ್ಜಿ ಕೈಗವಸು ಬಿಚ್ಚಿ ತೊಡೆ ಮೇಲಿಟ್ರು. ಅವ್ರ ಮುಖದಲ್ಲಿ ಅಳು ಇರ್ಲಿಲ್ಲ. ಆಕ್ಸಿಡೆಂಟಾಗಿ ರೋಡ್ ಪಕ್ಕ ಕೂತಿರೋರನ್ನ ನೋಡಿದೀರಲ್ಲ, ಹಾಗಿದ್ರು.

"ಅವಳು ಹೇಳಿದ್ದು ನಿಜ. ನಾನು ಪಿನ್ನರ್‌ನ ಒಬ್ಬ ಇಂಗ್ಲಿಷ್ ಮುದುಕಿ. ಇಷ್ಟು ವರ್ಷ ಯಾರೂ ನನಗೆ ಹೇಳ್ಲಿಲ್ಲ."

ನಾನು ಎದ್ದು ಚಹಾ ಮಾಡ್ದೆ, ಹಾಲು ಹಾಕಿ.

ಮಾರನೆ ದಿನ ಸುತ್ತಿಗೆ ಇದ್ಯಾ ಅಂತ ಕೇಳಿದ್ರು. ಇರ್ಲಿಲ್ಲ. ಸಿಸಿಲಿಯಾ ಆಂಟಿ ಮನೆಯಿಂದ ತಂದು, ಅವ್ರು ತೋರ್ಸಿದ ಕಡೆ ಮೊಳೆ ಹೊಡ್ದೆ. ಗೋಡೆಯಿಂದ ಸುಣ್ಣ ಉದ್ರುತ್ತೆ, ಅಜ್ಜಿ ಕುರ್ಚಿಲಿ ಕೂತು ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ ಅಂತಾರೆ. ಸದ್ದು ಕೇಳಿ ಆಂಟಿ ಚಪ್ಲಿ ಹಾಕ್ದೆ ರೋಡ್ ದಾಟಿ ಓಡಿ ಬಂದ್ರು. ಗೋಡೆ ಮೇಲೆ ರಾಜನ ಪಟ ನೋಡಿ ಬಾಗ್ಲಲ್ಲೇ ನಿಂತ್ಕೊಂಡ್ರು. "ದೇವರೇ, ಇವ್ರು ಹೋಗುದಿಲ್ಲ ಇನ್ನು" ಅಂದ್ರು.

ಬಿಸಿಲು ಬಂದ ಒಂದಿನ ಸಮಾಧಿ ಇದ್ದ ಜಾಗಕ್ಕೆ ಕರ್ಕೊಂಡೋಗು ಅಂದ್ರು. ಅಗೆದು ಮುಚ್ಚಿ ಹುಲ್ಲು ಹಾಸಿದ್ರು, ಹೊಸ ಹುಲ್ಲು ಬೇರೆ ಬಣ್ಣ. ಅಪ್ಪ ಇಲ್ದೇ ಇರೋ ಜಾಗ ನೋಡಿ ಕಣ್ಣೀರು ಹಾಕ್ತಾರೆ ಅಂತ ನಾನು ಟಿಶ್ಯೂ ತಗೊಂಡೋಗಿದ್ದೆ. ಅವ್ರು ಕೋಲಲ್ಲಿ ಆ ಹುಲ್ಲು ಒತ್ತಿ ನೋಡಿ, "ಇದು ನಮ್ಮ ಹೆಸರಲ್ಲೇ ಇದೆ. ನನ್ನ ಇಲ್ಲಿ ಹಾಕ್ಲಿ" ಅಂದ್ರು. ಶೂ ಹುಡುಗ ಆಮೇಲೆ ಬಂದು ಎಷ್ಟು ಹೇಳ್ದ, ಅಲ್ಲಿ ಅಪ್ಪನ ಪಕ್ಕ ಅಮೃತಶಿಲೆ ಜಾಗ ಇದೆ ಅಂತ. "ಅಲ್ಲಿ ನಂಗೆ ಯಾರೂ ಗೊತ್ತಿಲ್ಲ. ಇಲ್ಲಿ ಬಸ್ಸಿನ ಸದ್ದಾದ್ರೂ ಕೇಳುತ್ತೆ" ಅಂದ್ರು. ಅವನಿಗೂ ನನ್ನಷ್ಟೇ ಶಾಕ್ ಆಯ್ತು ಅನ್ಸುತ್ತೆ, ಶೂ ನೋಡ್ಕೊಂಡು ಕೂತ.

ಹೋದ ಚಳಿಗಾಲ ಅಜ್ಜಿ ಹೋದ್ರು. ಅವ್ರು ಹೇಳಿದ ಜಾಗದಲ್ಲೇ ಹಾಕಿದ್ರು. ಬಂದಿದ್ದು ಹತ್ತು ಹನ್ನೆರಡು ಜನ. ಯಾರೂ ಕೂಗ್ಲಿಲ್ಲ. ಎಲ್ರೂ ಹೋದ್ಮೇಲೆ ಸವಿತ ಬ್ಯಾಗಿಂದ ಸಣ್ಣ ಹಾಲಿನ ಬಾಟ್ಲು ತೆಗೆದು ನನ್ನ ಕೈಗೆ ಕೊಟ್ಲು. ನಾನು ಕೇಳಿರ್ಲಿಲ್ಲ. ಮಣ್ಣಿನ ಮೇಲೆ ಬಿಟ್ಟು ಬಂದ್ವಿ.

ಇವತ್ತು ಬೆಳಿಗ್ಗೆ ಧನ್ಯನ್ನ ಸ್ಕೂಲಿಗೆ ಬಿಡಕ್ಕೆ ಹೋಗ್ತಿದ್ದೆ. ಲಿಫ್ಟಲ್ಲಿ ಆ ಮುದುಕೀನ ನೋಡಿದಾಗಿಂದ ಅವ್ಳಿಗೆ ಒಂದು ಮಾತು ಹೇಳ್ಬೇಕು ಅಂತಿದ್ದೆ. ಹೇಳಕ್ಕೆ ಭಯ. ಮಗು ಅತ್ರೆ? ನಮ್ಮೂರು, ಗದ್ದೆ, ಊರಲ್ಲಿರೋ ಅವ್ಳಜ್ಜಿ, ಎಲ್ಲ ಸುಳ್ಳಾ ಅಂತ ಕೇಳಿದ್ರೆ? ಸಿಗ್ನಲ್ ಹತ್ರ ನಿಂತಾಗ ಹೇಳ್ಬಿಟ್ಟೆ.

"ಧನ್ಯ, ಮುಂದಿನ ವರ್ಷ ನಾವು ಎಲ್ಲೂ ಹೋಗಲ್ಲ ಕಣಮ್ಮ. ರಜಕ್ಕೆ ಹೋಗಿ ಬರ್ತೀವಿ, ಅಷ್ಟೆ. ನೀನು ಇಲ್ಲಿಯವಳೇ."

"ಐ ನೋ, ಡ್ಯಾಡಿ."

"ಯಾವಾಗಿಂದ ಗೊತ್ತು?"

"ಆಲ್ವೇಸ್."

"ಮತ್ತೆ ಎಲ್ರ ಹತ್ರಾನೂ ನೆಕ್ಸ್ಟ್ ಇಯರ್ ಹೋಗ್ತೀವಿ ಅಂತಿದ್ದೆ?"

ಹಸಿರು ದೀಪ ಬಂತು. ಅವ್ಳು ನನ್ನ ಕೈ ಹಿಡ್ದು ಎಳೀತಾ ರೋಡಿಗೆ ಇಳಿದ್ಲು.

"ಬಿಕಾಸ್ ಯೂ ಲೈಕ್ ಇಟ್" ಅಂದ್ಲು.